ಐಹೊಳೆಯಿಂದ ಒಂದು ಪ್ರಶ್ನೆ

ಹುನಗುಂದದ ತಾಲ್ಲೂಕು ಪಂಚಾಯಿತಿಯ ಸಾಮರ್ಥ್ಯ ಸೌಧದ ಮಾಳಿಗೆ ಹತ್ತಿ ನಿಂತಿದ್ದೀರಿ. ಬೆಳಗಿನ ಹತ್ತು ಗಂಟೆ. ಬಿಸಿಲು ಆಗಲೇ ಚುರುಗುಟ್ಟುತ್ತಿದೆ. ಪ್ಯಾಂಟಿನ ಮೇಲೆ ಧೂಳು ಬಡಿದುಕೊಂಡ ಆಪರೇಟರ್ ಡಿಶ್ ಆಂಟೆನಾದ ಬೋಲ್ಟೊಂದನ್ನು ಕೈಯಿಂದ ಅಲುಗಿಸಿ ನೋಡುತ್ತಾರೆ. ಬಿಗಿಯಾಗಿದೆ. ಡಿಶ್ ಯಾವ ಕಡೆ ನೋಡುತ್ತಿದೆ ಎಂದು ನೀವೂ ಅದರ ಹಿಂದೆ ನಿಂತು ಗಮನಿಸಿ. ಮನೆ ಮನೆಯ ಮೇಲೆ ಕಾಣುವ ತಟ್ಟೆಗಳ ಹಾಗೆ ಇದರ ಮುಖವೂ ಹೆಚ್ಚುಕಡಿಮೆ ಆಕಾಶದತ್ತಲೇ ಇದೆ, ನೆತ್ತಿಯಿಂದ ತುಸು ದಕ್ಷಿಣಕ್ಕೆ ವಾಲಿದೆ. ಇಂಥ ಡಿಶ್‌ಗಳು ನೋಡುವ ಸಂಪರ್ಕ ಉಪಗ್ರಹಗಳೆಲ್ಲ ಸಮಭಾಜಕ ವೃತ್ತದ ಮೇಲೆ, ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ ನಿಂತಿರುತ್ತವೆ. ಭಾರತದ ಉಪಗ್ರಹಗಳಿಗೆ ಮೀಸಲಾದ ತಾವುಗಳಲ್ಲಿ 74 ಡಿಗ್ರಿ ಪೂರ್ವ ರೇಖಾಂಶವೂ ಒಂದು. ಹುನಗುಂದ 76 ಡಿಗ್ರಿಯ ಮೇಲಿದೆ. ಆ ತಾವಿನಲ್ಲಿ ನಿಂತ ಉಪಗ್ರಹವನ್ನು ಇಲ್ಲಿಂದ ಕಣ್ಣಿನಿಂದ ನೋಡಲು ಸಾಧ್ಯವಿದ್ದಿದ್ದರೆ ದಿಗಂತದಿಂದ 71 ಡಿಗ್ರಿ ಮೇಲೆ, ತೆಂಕಣದಲ್ಲಿ ತುಸು ಪಡುವಣಕ್ಕೆ ಸರಿದು ಕಾಣಬೇಕಿತ್ತು.

ಕೆಳಗಿನಿಂದ ಯಾರೋ ಕೂಗುತ್ತಾರೆ. ‘ಐಹೊಳಿಯವ್ರು ಬಂದ್ರು ನೋಡ್ರಿ!’

ಮೆಟ್ಟಿಲಿಳಿದು ಬನ್ನಿ. ಇದು ಗ್ರಾಮ ಪಂಚಾಯಿತಿ ಚುನಾವಣೆ ಮುಗಿದು ಹೊಸ ಸದಸ್ಯರು ಬಂದ ವರ್ಷ. ಅಂಥ ವರ್ಷಗಳಲ್ಲಿ ರಾಜ್ಯದ ಯಾವ ತಾಲ್ಲೂಕು ಕೇಂದ್ರಕ್ಕೆ ಹೋದರೂ ಇಂಥದೊಂದು ತರಬೇತಿಯ ದಿನ ಎದುರಾಗುತ್ತದೆ. ಬಾಗಿಲಲ್ಲಿ ಹಾಜರಿ ಪುಸ್ತಕ, ಪಕ್ಕದಲ್ಲಿ ಚಹಾದ ಥರ್ಮಾಸು. ಇಳಕಲ್ ಸೀರೆಯ ಕೆಂಪು ಸೆರಗುಗಳು, ಗುಳೇದಗುಡ್ಡದ ಖಣದ ಕುಪ್ಪಸಗಳು ಒಂದೊಂದಾಗಿ ಒಳಗೆ ಬರುತ್ತವೆ. ಕೆಲವರ ಜೊತೆ ಗಂಡಂದಿರೂ ಬಂದಿದ್ದಾರೆ. ‘ಸದಸ್ಯರಷ್ಟ ಒಳಗ ಬರ್ರಿ, ಉಳಿದವರು ಹೊರಗ ಕುಂದರ್ರಿ’ ಎಂದು ತರಬೇತುದಾರರು ಗಟ್ಟಿಯಾಗಿ ಹೇಳುತ್ತಾರೆ. ಈ ಮಾತನ್ನು ಗಟ್ಟಿಯಾಗಿ ಹೇಳುವುದು ಬಹಳ ಮುಖ್ಯ. ಕುರ್ಚಿಯಲ್ಲಿ ಯಾರು ಕೂತರು ಎಂಬುದರ ಮೇಲೆ ಇವತ್ತು ಯಾರ ಬಾಯಿಂದ ಪ್ರಶ್ನೆ ಹೊರಡುತ್ತದೆ ಎನ್ನುವುದು ನಿಂತಿದೆ.

ಐಹೊಳೆಯಿಂದ ಬಂದ ಸದಸ್ಯೆ ಮೂರನೇ ಸಾಲಿನಲ್ಲಿ ಕೂರುತ್ತಾರೆ. ನೀವು ಅವರ ಪಕ್ಕದಲ್ಲೇ ಕೂತುಕೊಳ್ಳಿ. ಬೆಳಿಗ್ಗೆ ಅವರು ಬಸ್ಸಿಗೆ ಕಾದು ನಿಂತ ಜಾಗ ನಿಮಗೆ ಗೊತ್ತು: ಎದುರಿಗೆ ಬೇಲಿ, ಬೇಲಿಯಾಚೆ ಹಸಿರು ಹುಲ್ಲು, ಹುಲ್ಲಿನ ನಡುವೆ ಗಜಪೃಷ್ಠದ ದುರ್ಗದ ಗುಡಿ, ಅದರಾಚೆ ಲಾಡಖಾನ್ ಗುಡಿ. ಅಲ್ಲಿಂದ ಅಮೀನಗಡಕ್ಕೆ ಬಂದು, ಕರದಂಟಿನ ಅಂಗಡಿಗಳ ಮುಂದೆ ಇನ್ನೊಂದು ಬಸ್ಸು ಹಿಡಿದು ಇಲ್ಲಿಗೆ ಬಂದಿದ್ದಾರೆ.

ಲಾಡಖಾನ್ ಗುಡಿಯನ್ನು ಒಳಹೊಕ್ಕು ನೋಡಿದವರಿಗೆ ಅದು ದೇಗುಲಕ್ಕಿಂತ ಕೂಡುವ ಮಂಟಪದಂತೆಯೇ ತೋರುತ್ತದೆ. ಚೌಕ ವಿಸ್ತಾರ, ದಪ್ಪ ಕಂಬಗಳ ಸಾಲು, ಮುಂದಿನ ಮಂಟಪದಲ್ಲಿ ಬೆನ್ನಿಗೆ ಒರಗು ಕೊಟ್ಟ ಕಲ್ಲಿನ ಆಸನಗಳು. ಮೊದಲು ಸಭಾಮಂಟಪವಾಗಿದ್ದು ಆಮೇಲೆ ಗುಡಿಯಾಯಿತೆಂದು ವಾದಿಸಿದ ವಿದ್ವಾಂಸರಿದ್ದಾರೆ. ಇದೇ ಊರಿನ ಹೆಸರು ಹೊತ್ತ ಅಯ್ಯಾವೊಳೆ ಐನೂರ್ವರು ಒಂದು ಕಾಲದ ಬಲುದೊಡ್ಡ ವರ್ತಕ ಸಂಘ. ಹದಿನೆಂಟು ಪಟ್ಟಣ, ಮೂವತ್ತೆರಡು ವೇಳಾಪುರ, ಅರವತ್ತನಾಲ್ಕು ಘಟಿಕಾಸ್ಥಾನಗಳಿಂದ ಬಂದವರೆಂದು ಶಾಸನಗಳಲ್ಲಿ ಅವರು ತಮ್ಮನ್ನು ಕರೆದುಕೊಂಡಿದ್ದಾರೆ. ಬಳ್ಳಿಗಾವಿಯಲ್ಲಿ ಅವರ ಶಾಸನವಿದೆ, ಶ್ರೀಲಂಕೆಯಲ್ಲಿದೆ. ಸುಮಾತ್ರದ ಬರುಸ್ ಬಳಿ 1088ರ ತಮಿಳು ಶಾಸನವೂ ಇವರದೇ. ಕಡಲಾಚೆ ಹರಡಿದ ಅಷ್ಟು ದೊಡ್ಡ ಸಂಸ್ಥೆ ಒಂದು ತೀರ್ಮಾನಕ್ಕೆ ಬರಬೇಕಾದರೆ ಮಂದಿ ನಡೆದು, ಎತ್ತಿನ ಹೇರು ಹೊಡೆದುಕೊಂಡು, ಹಡಗು ಹತ್ತಿ ಬಂದು ಒಂದೆಡೆ ಕೂಡಬೇಕಿತ್ತು. ಕೂಡಿದ್ದನ್ನು ಕಲ್ಲಿನಲ್ಲಿ ಕೆತ್ತಿಸಬೇಕಿತ್ತು. ಕಲ್ಲನ್ನು ಓದಿದವನಿಗೆ ಅನುಮಾನ ಬಂದರೆ ಕೇಳಲು ಮುಂದಿನ ಕೂಟದ ತನಕ ಕಾಯಬೇಕಿತ್ತು.

ಈಗ ಪರದೆ ಬೆಳಗುತ್ತದೆ.

ಮೊದಲು ನೀಲಿ ಬಣ್ಣ, ಆಮೇಲೆ ಮೈಸೂರಿನ ಅಬ್ದುಲ್ ನಜೀರ್ ಸಾಬ್ ರಾಜ್ಯ ಗ್ರಾಮೀಣಾಭಿವೃದ್ಧಿ ಸಂಸ್ಥೆಯ ಲಾಂಛನ. ಸಣ್ಣಗೆ ಸಂಗೀತ. ಸ್ಟುಡಿಯೊದಲ್ಲಿ ಮೇಜು, ಮೇಜಿನ ಹಿಂದೆ ನಿರೂಪಕಿ ಮತ್ತು ಇಬ್ಬರು ಸಂಪನ್ಮೂಲ ವ್ಯಕ್ತಿಗಳು. ‘ಎಲ್ಲ ತಾಲ್ಲೂಕುಗಳ ಸದಸ್ಯರಿಗೂ ಸ್ವಾಗತ’ ಎಂಬ ಮಾತು ಮೈಸೂರಿನಲ್ಲಿ ಹೊರಟು, ಉಪಗ್ರಹಕ್ಕೆ ಏರಿ, ಅಲ್ಲಿಂದ ಇಳಿದು ಈ ಗೋಡೆಗೆ ಬಂದು ತಾಗಲು ಕಾಲು ಸೆಕೆಂಡು ಸಾಕು. ಹೋಗಿ ಬರುವ ದಾರಿ 72,000 ಕಿಲೋಮೀಟರ್. ಔರಾದದಲ್ಲಿ ಕೂತವರಿಗೂ ಗುಂಡ್ಲುಪೇಟೆಯಲ್ಲಿ ಕೂತವರಿಗೂ ಅದು ಒಂದೇ ಕ್ಷಣಕ್ಕೆ ಮುಟ್ಟುತ್ತದೆ. ಉಪಗ್ರಹಕ್ಕೆ ಮೈಸೂರು ಹತ್ತಿರ, ಹುನಗುಂದ ದೂರ ಎಂಬುದಿಲ್ಲ. ಆಗ ರಾಜ್ಯದಲ್ಲಿದ್ದ 176 ತಾಲ್ಲೂಕುಗಳಿಗೂ ಗ್ರಾಹಕ ಸಾಧನಗಳನ್ನು ಕೊಟ್ಟು ಕಟ್ಟಿದ ಜಾಲ ಇದು. ಜನ ಇದನ್ನು ಸ್ಯಾಟ್‌ಕಾಂ ಎಂದೇ ಕರೆಯುತ್ತಾರೆ.

ಸಂಸ್ಥೆಗೆ ಹೆಸರಾದ ನಜೀರ್ ಸಾಬರನ್ನು ಈ ಸಭಾಂಗಣದ ಹಿರಿಯರು ‘ನೀರ್ ಸಾಬ್’ ಎಂದೇ ನೆನೆಯುತ್ತಾರೆ. ಬರಗಾಲದಲ್ಲಿ ಹಳ್ಳಿಹಳ್ಳಿಗೆ ಕೊಳವೆಬಾವಿ ಕೊರೆಸಿದ ಮಂತ್ರಿ. 1983ರ ಪಂಚಾಯತ್ ಕಾಯ್ದೆ ಅವರ ಕನಸಿನ ಕೂಸು. 1987ರಲ್ಲಿ ಅದರಡಿ ನಡೆದ ಚುನಾವಣೆಯಲ್ಲಿ ಹೆಣ್ಣುಮಕ್ಕಳಿಗೆ ನೂರಕ್ಕೆ ಇಪ್ಪತ್ತೈದು ಸ್ಥಾನ ಮೀಸಲಾಗಿತ್ತು. ಮರುವರ್ಷವೇ ಅವರು ತೀರಿಕೊಂಡರು. ಹೆಣ್ಣುಮಕ್ಕಳು ಆರಿಸಿಬಂದರು, ಸರಿ. ಬಂದವರಿಗೆ ಕಾಯ್ದೆ ಹೇಳಿಕೊಡುವುದು ಹೇಗೆ? ಸಾವಿರಾರು ಪಂಚಾಯಿತಿಗಳು, ಹತ್ತಾರು ಸಾವಿರ ಸದಸ್ಯರು. ಒಬ್ಬ ತರಬೇತುದಾರ ಇನ್ನೊಬ್ಬನಿಗೆ, ಅವನು ಮತ್ತೊಬ್ಬನಿಗೆ ಹೇಳುತ್ತಾ ಹೋದರೆ ಕೊನೆಯ ಹಳ್ಳಿಗೆ ಮುಟ್ಟುವಾಗ ಮಾತು ಸವೆದುಹೋಗಿರುತ್ತದೆ. ಇಸ್ರೊ 1995ರಲ್ಲಿ ತರಬೇತಿಗೆಂದೇ ಒಂದು ಉಪಗ್ರಹ ವಾಹಿನಿಯನ್ನು ತೆರೆದಾಗ ಕರ್ನಾಟಕ ಅದನ್ನು ಬೇಗನೆ ಕೈಗೆತ್ತಿಕೊಂಡದ್ದು ಇದೇ ಕಾರಣಕ್ಕೆ. ಪಂಚಾಯಿತಿಯ ಹೆಣ್ಣುಮಕ್ಕಳಿಗೆ ಉಪಗ್ರಹದ ಮೂಲಕ ತರಬೇತಿ ಕೊಡುವ ಪ್ರಯೋಗ ಆ ದಶಕದ ನಡುವಿನಲ್ಲೇ ಇಲ್ಲಿ ನಡೆಯಿತು.

ಪರದೆಯ ಮೇಲೆ ಸ್ಥಾಯಿ ಸಮಿತಿಗಳ ಪಾಠ ಸಾಗಿದೆ. ಪಟ್ಟಿ, ಬಾಣದ ಗುರುತು, ಒಂದು ಪುಟ್ಟ ನಾಟಕದ ತುಣುಕು. ಸಭಾಂಗಣ ಸುಮ್ಮನಿದೆ. ಹಿಂದಿನ ಸಾಲಿನಲ್ಲಿ ಒಬ್ಬರ ಕತ್ತು ವಾಲುತ್ತಿದೆ. ಮೈಸೂರಿನವರಿಗೆ ಇದು ಕಾಣುವುದಿಲ್ಲ. ಈ ವ್ಯವಸ್ಥೆಯಲ್ಲಿ ಚಿತ್ರ ಹರಿಯುವುದು ಒಂದೇ ದಿಕ್ಕಿಗೆ, ದನಿ ಮಾತ್ರ ಎರಡೂ ದಿಕ್ಕಿಗೆ. ನೀವು ಅವರನ್ನು ನೋಡುತ್ತೀರಿ, ಅವರು ನಿಮ್ಮನ್ನು ನೋಡಲಾರರು. ಕ್ಯಾಮೆರಾದ ಕಪ್ಪು ಗಾಜಿಗೆ ಮಾತಾಡುತ್ತಾ, ಆ ಗಾಜಿನಾಚೆ ಸಾವಿರಾರು ಮಂದಿ ಇದ್ದಾರೆಂದು ನಂಬಿ ಪಾಠ ಮಾಡುವುದು ಎಷ್ಟು ಕಷ್ಟ ಎಂಬುದನ್ನು ಒಮ್ಮೆ ನೆನೆಯಿರಿ. ಕಪ್ಪು ಹಲಗೆಯ ಮುಂದೆ ನಿಂತ ಮೇಷ್ಟರಿಗೆ ಮಕ್ಕಳ ಮುಖವೇ ಗಡಿಯಾರ. ಇವರಿಗೆ ಆ ಗಡಿಯಾರವಿಲ್ಲ. ಆದ್ದರಿಂದಲೇ ಇಲ್ಲಿ, ಈ ಸಭಾಂಗಣದಲ್ಲಿ ನಿಂತ ತರಬೇತುದಾರರು ಪರದೆಯಷ್ಟೇ ಮುಖ್ಯ. ಅವರು ಈಗ ಹಿಂದಿನ ಸಾಲಿಗೆ ಹೋಗಿ ಕಿಟಕಿ ತೆರೆಯುತ್ತಾರೆ. ವಾಲುತ್ತಿದ್ದ ಕತ್ತು ನೆಟ್ಟಗಾಗುತ್ತದೆ.

ಇದೇ ನೆಲದಲ್ಲಿ ಐವತ್ತು ವರ್ಷ ಹಿಂದಕ್ಕೆ ಬನ್ನಿ.

1975ರ ಆಗಸ್ಟ್ ತಿಂಗಳ ಒಂದು ಮುಸ್ಸಂಜೆ. ಬಾಗಲಕೋಟೆ ಇನ್ನೂ ಪ್ರತ್ಯೇಕ ಜಿಲ್ಲೆಯಾಗಿಲ್ಲ. ಹುನಗುಂದ, ಬಾದಾಮಿ, ಐಹೊಳೆ ಎಲ್ಲ ವಿಜಾಪುರ ಜಿಲ್ಲೆಗೆ ಸೇರಿವೆ. ಅಮೆರಿಕದ ಎಟಿಎಸ್-6 ಉಪಗ್ರಹವನ್ನು ಒಂದು ವರ್ಷದ ಮಟ್ಟಿಗೆ ಪಡೆದು ಇಸ್ರೊ ನಡೆಸಿದ ಸೈಟ್ ಪ್ರಯೋಗಕ್ಕೆ ಆರು ರಾಜ್ಯಗಳ 2,400 ಹಳ್ಳಿಗಳು ಆಯ್ಕೆಯಾಗಿವೆ. ಕರ್ನಾಟಕದ ಪಾಲಿಗೆ ಬಂದದ್ದು ಗುಲ್ಬರ್ಗ, ರಾಯಚೂರು, ವಿಜಾಪುರ ಜಿಲ್ಲೆಗಳ ಹಳ್ಳಿಗಳು. ಉಪಗ್ರಹ ಪಡೆಯುವ ಒಪ್ಪಂದಕ್ಕೆ 1969ರಲ್ಲೇ ವಿಕ್ರಂ ಸಾರಾಭಾಯ್ ದುಡಿದಿದ್ದರು. ಪ್ರಯೋಗ ನಡೆದದ್ದನ್ನು ನೋಡಲು ಅವರು ಉಳಿಯಲಿಲ್ಲ. ಜಿಲ್ಲೆಯ ಅಂಥದೊಂದು ಹಳ್ಳಿಯ ಶಾಲೆಯ ಅಂಗಳದಲ್ಲಿ ನೀವೂ ಕೂತಿದ್ದೀರಿ. ಮೂರು ಮೀಟರ್ ಅಗಲದ ಜಾಲರಿ ತಂತಿಯ ಬೋಗುಣಿ ಗಾಳಿಗೆ ಸಣ್ಣಗೆ ನಡುಗುತ್ತದೆ. ಅದರ ಮುಖ ನೆತ್ತಿಯ ಕಡೆಗಿಲ್ಲ. ಸೂರ್ಯ ಮುಳುಗಿದ ಪಡುವಣದ ಕಡೆಗಿದೆ. ಎಟಿಎಸ್-6 ನಿಂತಿರುವುದು ಆಫ್ರಿಕದ ಮೇಲೆ, 35 ಡಿಗ್ರಿ ಪೂರ್ವ ರೇಖಾಂಶದಲ್ಲಿ. ಅಹಮದಾಬಾದಿನಿಂದ ಹೊರಟ ಚಿತ್ರ ಅಲ್ಲಿಗೇರಿ, ಕನ್ನಡದ ಮಾತಿನೊಂದಿಗೆ ಈ ಅಂಗಳಕ್ಕೆ ಇಳಿಯುತ್ತದೆ. ವಿದ್ಯುತ್ ಇಲ್ಲದ ಊರುಗಳಲ್ಲಿ ಬ್ಯಾಟರಿಯಿಂದ ಪೆಟ್ಟಿಗೆ ನಡೆಯುತ್ತದೆ. ಮಕ್ಕಳು ಮುಂದೆ, ಗಂಡಸರು ಕಟ್ಟೆಯ ಮೇಲೆ, ಹೆಂಗಸರು ಹಿಂದೆ ಗೋಡೆಗೆ ಆತು. ಬೆಳೆಯ ಮಾತು, ದನದ ರೋಗದ ಮಾತು, ಮಕ್ಕಳ ಆರೋಗ್ಯದ ಮಾತು, ನಡುವೆ ಹಾಡು.

ಪರದೆಯಲ್ಲಿ ಬೀಜೋಪಚಾರದ ವಿಷಯ ಬರುತ್ತದೆ. ಕಟ್ಟೆಯ ಮೇಲಿನ ರೈತರೊಬ್ಬರು, ‘ಎರಿ ಹೊಲಕ್ಕೂ ಇದ ನಡೀತೈತೇನು?’ ಎಂದು ಗಟ್ಟಿಯಾಗಿ ಕೇಳುತ್ತಾರೆ. ಪಕ್ಕದವರು ಅವರತ್ತ ನೋಡುತ್ತಾರೆ. ಪೆಟ್ಟಿಗೆ ತನ್ನ ಪಾಡಿಗೆ ಮುಂದಿನ ವಿಷಯಕ್ಕೆ ಹೋಗಿದೆ.

ಸೈಟ್ ಪ್ರಯೋಗವನ್ನು ನಾನು ತುಂಬ ಗೌರವದಿಂದ ಕಾಣುತ್ತೇನೆ. ಸಿನಿಮಾ ಮಂದಿರವನ್ನೇ ಕಾಣದ ಹಳ್ಳಿಗೆ, ನಗರಗಳ ಬಹುಪಾಲು ಮನೆಗಳಿಗಿಂತ ಮೊದಲೇ ದೂರದರ್ಶನ ಬಂದ ಅಪರೂಪದ ಗಳಿಗೆ ಅದು. ಹತ್ತಾರು ಸಾವಿರ ಪ್ರಾಥಮಿಕ ಶಾಲಾ ಶಿಕ್ಷಕರಿಗೆ ವಿಜ್ಞಾನ ಪಾಠ ಕಲಿಸುವ ತರಬೇತಿಯೂ ಆ ಒಂದು ವರ್ಷದಲ್ಲೇ ಅದೇ ಉಪಗ್ರಹದಿಂದ ನಡೆಯಿತು. ನೋಡುವವರ ಮನಸ್ಸು ತಿಳಿಯಲು ಸಂಶೋಧಕರು ತಿಂಗಳುಗಟ್ಟಲೆ ಹಳ್ಳಿಗಳಲ್ಲೇ ಬೀಡುಬಿಟ್ಟಿದ್ದರು. ಆದರೆ ಎರೆ ಹೊಲದ ಪ್ರಶ್ನೆ ಅಂಗಳ ದಾಟಿ ಹೋಗಲು ಆಗ ದಾರಿ ಇರಲಿಲ್ಲ. 1976ರ ಜುಲೈ 31ಕ್ಕೆ ಪ್ರಯೋಗ ಮುಗಿಯಿತು, ಉಪಗ್ರಹ ಪಡುವಣಕ್ಕೆ ಸರಿಯಿತು.

ಅಲ್ಲಿಂದಾಚೆಗೆ ಹೊರಗಿನ ಲೋಕದಲ್ಲಿ ದೊಡ್ಡ ಕಂಪನಿಗಳೂ ಆಕಾಶದ ಕಡೆ ಮುಖ ಮಾಡಿದವು. ಅಮೆರಿಕದ ವಾಲ್‌ಮಾರ್ಟ್ 1987ರ ಹೊತ್ತಿಗೆ ಆ ದೇಶದ ಅತಿದೊಡ್ಡ ಖಾಸಗಿ ಉಪಗ್ರಹ ಜಾಲವನ್ನು ಕಟ್ಟಿಕೊಂಡಿತ್ತು. ಅಲ್ಲೂ ಇದೇ ಏರ್ಪಾಡು: ಚಿತ್ರ ಒಂದು ಕಡೆಗೆ, ದನಿ ಮತ್ತು ಲೆಕ್ಕಪತ್ರ ಎರಡೂ ಕಡೆಗೆ. ಸಂಸ್ಥಾಪಕ ಸ್ಯಾಮ್ ವಾಲ್ಟನ್ ಮುಖ್ಯ ಕಚೇರಿಯಲ್ಲಿ ಕೂತು ತಮ್ಮ ಎಲ್ಲ ಅಂಗಡಿಗಳ ಕೆಲಸಗಾರರೊಂದಿಗೆ ಒಮ್ಮೆಗೇ ಮಾತಾಡುತ್ತಿದ್ದರು. ನಮ್ಮಲ್ಲಿ ರಾಷ್ಟ್ರೀಯ ಷೇರು ವಿನಿಮಯ ಕೇಂದ್ರ 1994ರಲ್ಲಿ ಸಣ್ಣ ಡಿಶ್‌ಗಳ ಮೂಲಕ ಊರೂರಿನ ದಲ್ಲಾಳಿಗಳನ್ನು ಮುಂಬೈಗೆ ಜೋಡಿಸಿತು. 2004ರ ಸೆಪ್ಟೆಂಬರ್ 20ರಂದು ಶ್ರೀಹರಿಕೋಟಾದಿಂದ ಏರಿದ ಎಜುಸ್ಯಾಟ್ ಕಲಿಕೆಗಾಗಿಯೇ ಮೀಸಲಾದ ಉಪಗ್ರಹ. ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಕಾಲೇಜುಗಳೂ ಚಾಮರಾಜನಗರ ಜಿಲ್ಲೆಯ ಸರ್ಕಾರಿ ಶಾಲೆಗಳೂ ಅದರ ಮೊದಲ ಬಳಕೆದಾರರ ಸಾಲಿನಲ್ಲಿದ್ದವು.

ಹುನಗುಂದಕ್ಕೆ ಮರಳೋಣ, ಪ್ರಶ್ನೆಯ ಹೊತ್ತು ಬಂದಿದೆ.

‘ಈಗ ನೀವು ಕರೆ ಮಾಡಬಹುದು’ ಎಂದು ನಿರೂಪಕಿ ಹೇಳುತ್ತಾರೆ, ಪರದೆಯ ಕೆಳಗೆ ಸಂಖ್ಯೆ ಹರಿಯುತ್ತದೆ. ತರಬೇತುದಾರರು ಫೋನ್ ಹಿಡಿದು ಸಾಲುಗಳ ನಡುವೆ ನಡೆಯುತ್ತಾರೆ. ‘ಯಾರು ಕೇಳ್ತೀರಿ?’ ಎಲ್ಲರೂ ನೆಲ ನೋಡುತ್ತಾರೆ. ಸಿಂದಗಿಯಿಂದ ಒಂದು ಕರೆ ಹೋಗಿದೆ, ಅಲ್ಲಿಯ ಸದಸ್ಯರ ದನಿ ಈ ಸಭಾಂಗಣದಲ್ಲೂ ಕೇಳುತ್ತಿದೆ. ಹಿಂದೆಯೇ ಸೊರಬದಿಂದ ಇನ್ನೊಂದು. ಬೇರೆ ಊರಿನ ಹೆಣ್ಣುಮಗಳ ದನಿ ಪರದೆಯಿಂದ ಬಂದಾಗ ನಿಮ್ಮ ಪಕ್ಕದಲ್ಲಿ ಒಂದು ಸಣ್ಣ ಚಲನೆ. ಐಹೊಳೆಯ ಸದಸ್ಯೆ ಸೆರಗು ಸರಿಮಾಡಿಕೊಳ್ಳುತ್ತಾರೆ. ‘ನಾ ಕೇಳ್ತೀನ್ರಿ’ ಎನ್ನುತ್ತಾರೆ.

ಫೋನ್ ಕೈಗೆ ಬರುತ್ತದೆ. ಗಂಟೆ ಬಾರಿಸುತ್ತದೆ, ಯಾರೋ ಎತ್ತುತ್ತಾರೆ, ಊರು ಕೇಳುತ್ತಾರೆ, ಕಾಯಿರಿ ಎನ್ನುತ್ತಾರೆ. ಕಾಯುವ ಹೊತ್ತು ಉದ್ದ. ಆಮೇಲೆ ಪರದೆಯ ಮೇಲಿನ ನಿರೂಪಕಿ ತಲೆ ಎತ್ತಿ, ‘ಹುನಗುಂದದಿಂದ ಯಾರು ಮಾತಾಡ್ತಿದೀರಿ?’ ಎನ್ನುತ್ತಾರೆ. ಸದಸ್ಯೆ ‘ನಮಸ್ಕಾರ್ರೀ’ ಎಂದರೆ ಅದೇ ‘ನಮಸ್ಕಾರ್ರೀ’ ಒಂದು ಗಳಿಗೆ ಬಿಟ್ಟು ಗೋಡೆಯಿಂದ ಬಂದು ಅವರ ಕಿವಿಗೇ ಬೀಳುತ್ತದೆ, ಫೋನಿಗೆ ಮತ್ತೆ ಹೊಕ್ಕು ಕೀರಲು ದನಿಯಾಗುತ್ತದೆ. ಅವರು ಬೆಚ್ಚಿ ಫೋನನ್ನು ಕಿವಿಯಿಂದ ದೂರ ಹಿಡಿಯುತ್ತಾರೆ. ‘ಟಿವಿ ದನಿ ಕಡಿಮೆ ಮಾಡ್ರಿ, ಟಿವಿ ದನಿ!’ ಎಂದು ತರಬೇತುದಾರರು ಓಡುತ್ತಾರೆ. ಸ್ಪೀಕರ್ ಮೌನವಾಗುತ್ತದೆ. ಇಡೀ ಸಭಾಂಗಣ ಈಗ ಒಬ್ಬ ಹೆಣ್ಣುಮಗಳ ಬರಿಯ ದನಿಯನ್ನು ಕೇಳುತ್ತಿದೆ.

‘ಸರ, ನಾವು ಐಹೊಳಿಯವ್ರು. ನಮ್ಮೂರಾಗ ಗುಡಿ ಮಗ್ಗಲಕ್ಕ ಮನಿ ಅದಾವ. ಮಳಿಗೆ ಗ್ವಾಡಿ ಬಿದ್ದವ್ರು ಪಂಚಾಯ್ತಿಗೆ ಬರ್ತಾರ, ಕಟ್ಟಾಕ ಪರವಾನಗಿ ಕೊಡ್ರಿ ಅಂತಾರ. ನಾವು ಕೊಡಬಹುದೇನ್ರಿ? ಕೊಟ್ರ ತಪ್ಪಾಕೈತೇನು? ಕೊಡದಿದ್ರ ಅವ್ರು ಎಲ್ಲಿ ಹೋಗಬೇಕ್ರಿ?’

ಮೈಸೂರಿನಲ್ಲಿ ಸಂಪನ್ಮೂಲ ವ್ಯಕ್ತಿ ಪೆನ್ನು ಕೆಳಗಿಡುತ್ತಾರೆ. ಇವತ್ತಿನ ಪಾಠದಲ್ಲಿ ಈ ವಿಷಯ ಇಲ್ಲ. ಸ್ಥಾಯಿ ಸಮಿತಿಯ ಪಟ್ಟಿ ಎಲ್ಲ ಪಂಚಾಯಿತಿಗಳಿಗೂ ಒಂದೇ. ಐಹೊಳೆಯ ಪಾಡು ಬೇರೆ. ಅಲ್ಲಿ ಮನುಷ್ಯರು ಗುಡಿಗಳ ನಡುವೆ, ಒಂದು ಕಾಲದಲ್ಲಿ ಗುಡಿಗಳ ಒಳಗೇ ಬದುಕಿದವರು. ಲಾಡಖಾನ್ ಗುಡಿ, ಗೌಡರ ಗುಡಿ, ಹುಚ್ಚಪ್ಪಯ್ಯನ ಗುಡಿ ಎಂಬ ಹೆಸರುಗಳೇ ಆ ಬದುಕಿನ ಗುರುತು. ಊರನ್ನೇ ಬೇರೆಡೆಗೆ ಸಾಗಿಸುವ ಮಾತು ವರ್ಷಗಳಿಂದ ತೇಲುತ್ತಿದೆ. ಅದರ ನಡುವೆ ಗೋಡೆ ಬಿದ್ದವರು ನಾಳೆ ರಾತ್ರಿ ಎಲ್ಲಿ ಮಲಗಬೇಕು ಎಂಬ ಪ್ರಶ್ನೆ ಇದು.

ಸಂಪನ್ಮೂಲ ವ್ಯಕ್ತಿ ಬಿಡಿಸಿ ಹೇಳುತ್ತಾರೆ. ಪ್ರಾಚೀನ ಸ್ಮಾರಕಗಳ ಕಾಯ್ದೆಗೆ 2010ರಲ್ಲಿ ತಿದ್ದುಪಡಿ ಬಂತು. ಸಂರಕ್ಷಿತ ಸ್ಮಾರಕದ ಗಡಿಯಿಂದ 100 ಮೀಟರ್ ನಿಷೇಧಿತ ಪ್ರದೇಶ. ಅಲ್ಲಿ ಹೊಸ ಮನೆ ಕಟ್ಟುವಂತಿಲ್ಲ, ಪಂಚಾಯಿತಿ ಪರವಾನಗಿ ಕೊಟ್ಟರೂ ನಡೆಯದು. ಆದರೆ ಇರುವ ಮನೆಯ ದುರಸ್ತಿಗೆ ದಾರಿ ಇದೆ: ಸಕ್ಷಮ ಪ್ರಾಧಿಕಾರಕ್ಕೆ ಅರ್ಜಿ ಹಾಕಿ, ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರದ ಒಪ್ಪಿಗೆಯ ಮೇಲೆ ಅನುಮತಿ ಪಡೆಯಬೇಕು. ಅದರಾಚೆಯ 200 ಮೀಟರ್ ನಿಯಂತ್ರಿತ ಪ್ರದೇಶ. ಅಲ್ಲಿ ಹೊಸದಾಗಿ ಕಟ್ಟುವುದಕ್ಕೂ ಇದೇ ರೀತಿ ಅನುಮತಿ ಬೇಕು. ‘ಅರ್ಜಿ ತಂದವರನ್ನ ಬರಿಗೈಯಲ್ಲಿ ಕಳಿಸಬೇಡಿ ಅಮ್ಮಾ. ಮನೆ ಮೊದಲಿನಿಂದ ಇದ್ದದ್ದಕ್ಕೆ ಪಂಚಾಯಿತಿ ದಾಖಲೆ ಕೊಡಿ, ಅದು ಅವರ ಅರ್ಜಿಗೆ ಬಲ.’

‘ದಾಖಲಿ ಕೊಡಾಕ ಬರತೈತಲ್ರಿ?’ ಎಂದು ಸದಸ್ಯೆ ಮತ್ತೆ ಕೇಳುತ್ತಾರೆ. ಮರುಪ್ರಶ್ನೆ! ಕಲ್ಲು ಶಾಸನ ಓದಿದವನಿಗೂ 1975ರ ಅಂಗಳದ ರೈತನಿಗೂ ಸಿಗದೇ ಹೋದದ್ದು ಈ ಮರುಪ್ರಶ್ನೆ.

‘ಬರುತ್ತೆ, ನಿಮ್ಮ ರಿಜಿಸ್ಟರ್‌ನಲ್ಲಿ ಇರೋದನ್ನ ಇದ್ದ ಹಾಗೆ ಕೊಡಿ’ ಎಂಬ ಉತ್ತರ ಬರುತ್ತದೆ.

ಇಲ್ಲಿ ಒಂದು ಗಳಿಗೆ ನಿಂತು ಸುತ್ತ ಕಿವಿಗೊಡಿ. ಈ ಪ್ರಶ್ನೆ ಮೈಸೂರಿನ ಒಬ್ಬರಿಗಷ್ಟೇ ಕೇಳಿಲ್ಲ. ಮೈಸೂರಿಗೆ ಹೋದ ದನಿ ಮತ್ತೆ ಆಕಾಶಕ್ಕೇರಿ, ಜೋಡಿಸಿಕೊಂಡ ಎಲ್ಲ ತಾಲ್ಲೂಕುಗಳ ಸಭಾಂಗಣಕ್ಕೂ ಇಳಿದಿದೆ. ಪಟ್ಟದಕಲ್ಲಿನ ಪಂಚಾಯಿತಿಯವರು ಬಾದಾಮಿಯಲ್ಲಿ ಕೂತು ಕೇಳಿದ್ದಾರೆ. ಹಂಪಿಯವರು ಹೊಸಪೇಟೆಯಲ್ಲಿ, ಹಳೇಬೀಡಿನವರು ಬೇಲೂರಿನಲ್ಲಿ ಕೇಳಿದ್ದಾರೆ. ಅವರ ಊರಲ್ಲೂ ಗುಡಿಯ ಮಗ್ಗುಲಿಗೆ ಮನೆಗಳಿವೆ. ಕೇಳಬೇಕೆಂದು ಅವರಿಗೆ ಹೊಳೆದಿರಲಿಲ್ಲ, ಅಥವಾ ಫೋನು ಕೈಗೆತ್ತಿಕೊಳ್ಳುವ ಧೈರ್ಯ ಬಂದಿರಲಿಲ್ಲ. ದೊಡ್ಡವರ ಮಾತನ್ನು ಏಕಕಾಲಕ್ಕೆ ಎಲ್ಲರಿಗೂ ಮುಟ್ಟಿಸುತ್ತದೆ ಎಂದು ಉಪಗ್ರಹ ಸಭೆಯನ್ನು ಹೊಗಳುವುದುಂಟು. ನನಗೆ ಅದರ ನಿಜವಾದ ಬೆಲೆ ಕಂಡದ್ದು ಒಂದು ಹಳ್ಳಿಯ ಮಾತು ಏಕಕಾಲಕ್ಕೆ ಎಲ್ಲರಿಗೂ ಮುಟ್ಟಿದ ಗಳಿಗೆಯಲ್ಲಿ. ಈಗ ಕೈಯಲ್ಲಿನ ಮೊಬೈಲಿನಲ್ಲೇ ಸಭೆ ನಡೆಸುವ ಕಾಲ ಬಂದಿದೆ. ಸಿಗ್ನಲ್ ಇದ್ದಲ್ಲಿ ಅದರಿಂದ ತುಂಬ ಅನುಕೂಲ, ಒಪ್ಪುತ್ತೇನೆ. ಆದರೆ ಮನೆಯಲ್ಲಿ ಒಬ್ಬರೇ ಕೂತ ಸದಸ್ಯೆಯ ಮೊಬೈಲನ್ನು ಗಂಡನೋ ಮಗನೋ ಹಿಡಿದಿರುತ್ತಾರೆ, ಮೈಕು ಮುಚ್ಚಿರುತ್ತದೆ. ಸೊರಬದ ಹೆಣ್ಣುಮಗಳ ದನಿ ಕೇಳಿ ಐಹೊಳೆಯ ಹೆಣ್ಣುಮಗಳು ಸೆರಗು ಸರಿಮಾಡಿಕೊಳ್ಳುವುದಕ್ಕೆ ಈ ಕುರ್ಚಿ, ಈ ಸಾಲು, ಗಂಡಂದಿರನ್ನು ಹೊರಗೆ ಕೂರಿಸಿದ ಈ ಬಾಗಿಲು ಬೇಕು. ತಾಲ್ಲೂಕಿನ ಈ ಸಭಾಂಗಣಗಳನ್ನೂ ಅವುಗಳ ಮಾಳಿಗೆಯ ಡಿಶ್ಶುಗಳನ್ನೂ ಹಳೆಯದಾಯಿತೆಂದು ಕೈಬಿಡಬಾರದು.

ಹನ್ನೆರಡೂವರೆ ದಾಟಿದೆ. ಮಾರ್ಚ್ ನಡುವಿನಲ್ಲೋ ಸೆಪ್ಟೆಂಬರ್ ಕೊನೆಯಲ್ಲೋ ಬಂದಿದ್ದರೆ ಈ ಹೊತ್ತಿಗೆ ಚಿತ್ರ ಚುಕ್ಕೆಚುಕ್ಕೆಯಾಗಿ ಒಡೆಯಬಹುದಿತ್ತು. ಆ ಕೆಲವು ದಿನ, ಕೆಲವು ನಿಮಿಷ ಸೂರ್ಯ ಸರಿಯಾಗಿ ಉಪಗ್ರಹದ ಬೆನ್ನಿಗೆ ಬಂದು ನಿಲ್ಲುತ್ತಾನೆ; ಡಿಶ್ಶಿಗೆ ಸೂರ್ಯನ ಗದ್ದಲವೇ ಕೇಳಿ ಉಪಗ್ರಹದ ಕ್ಷೀಣ ಸಂಕೇತ ಮುಳುಗುತ್ತದೆ. ಇವತ್ತು ಹಾಗಾಗಿಲ್ಲ. ಊಟಕ್ಕೆ ಬಿಟ್ಟಿದ್ದಾರೆ. ಜಗಲಿಯಲ್ಲಿ ಅನ್ನ ಸಾರಿನ ಸಾಲು. ಬುತ್ತಿ ತಂದವರು ಕಟಕ ರೊಟ್ಟಿ, ಶೇಂಗಾ ಚಟ್ನಿ ಬಿಚ್ಚಿ ಎಲ್ಲರಿಗೂ ಹಂಚುತ್ತಾರೆ. ನಿಮಗೂ ಒಂದು ರೊಟ್ಟಿ ಬಂತು.

ಐಹೊಳೆಯ ಸದಸ್ಯೆಯ ಸುತ್ತ ನಾಲ್ಕೈದು ಮಂದಿ ಕೂಡಿದ್ದಾರೆ. ಒಬ್ಬರು ಕೇಳುತ್ತಾರೆ, ‘ನೂರು ಮೀಟರ್ ಅಂದ್ರ ಗುಡಿಯಿಂದನೋ, ಬೇಲಿಯಿಂದನೋ?’ ಗಡಿಯಿಂದ ಅಂತ ಹೇಳಿದ್ರು ಎಂದು ಇನ್ನೊಬ್ಬರು. ಹಾಗಾದರೆ ಬೇಲಿಯೇ ಗಡಿಯೋ, ನಕಾಶೆಯಲ್ಲಿರುವುದು ಗಡಿಯೋ ಎಂದು ಮಾತು ಬೆಳೆಯುತ್ತದೆ. ಸದಸ್ಯೆ ಅರ್ಧ ರೊಟ್ಟಿ ಕೈಯಲ್ಲಿ ಹಿಡಿದೇ ತರಬೇತುದಾರರನ್ನು ಕರೆಯುತ್ತಾರೆ.

‘ಸರ, ಊಟ ಆದ ಮ್ಯಾಲ ಮತ್ತ ಫೋನ್ ಹಚ್ಚಿ ಕೊಡ್ರಿ. ಇನ್ನೊಂದು ಕೇಳೋದೈತಿ.’